ಟೀಚರಿಗೆ ನಾನು ಕೊಡದ ಒಂದು ತುಂಡು ಕೋಡ್

ಇದನ್ನು ಬರೆಯಬೇಕೆಂದು ನಿವೃತ್ತನಾದಂದಿನಿಂದ ಅಂದುಕೊಳ್ಳುತ್ತಿದ್ದೇನೆ. ಬರೆಯಲು ಕುಳಿತಾಗಲೆಲ್ಲ ಟೈಪಿಂಗ್ ಮಷೀನಿನ ಕಾಲದಿಂದ ಸುರು ಮಾಡಿ, ಫ್ಲಾಪಿ, ಸಿಡಿ, ಇಂಟರ್ನೆಟ್ ಎಂದು ಲಾಯಕ್ಕಾಗಿ ಮುಂದೆ ಬರುತ್ತೇನೆ. ಹೇಳಲೇಬೇಕಾದ ಜಾಗ ಹತ್ತಿರ ಬರುವಾಗ ಕನ್ನಡಕ ಒರೆಸಲಿಕ್ಕೆ ಏಳುತ್ತೇನೆ. ಎದ್ದವನು ಮತ್ತೆ ಕೂರುವುದಿಲ್ಲ.

ಮೊನ್ನೆ ನಮ್ಮ ಹಳೆಯ ಆಫೀಸಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಮಾಷೇ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಅಂತ ಬರೆದು ಕೊಡಿ. ನಾವು ಹೊಸಬರು ಓದ್ತೇವೆ" ಎಂದರು. ಅವರು ನನ್ನನ್ನು ನೋಡಿದ ರೀತಿಯಲ್ಲಿ ಗೌರವ ಇತ್ತು. ಆ ಗೌರವದಲ್ಲಿ ಒಂದು ಪಾಲು ನನ್ನದಲ್ಲ. ಅದಕ್ಕೇ ಈ ಸಲ ಕನ್ನಡಕವನ್ನು ಮೊದಲೇ ಒರೆಸಿ ಕುಳಿತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕುಂಬಳೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದೆ. ಹಾಗಾಗಿ ಊರಿಗೆಲ್ಲ ನಾನು ಮಾಷ್, ಅಂದರೆ ಮೇಷ್ಟ್ರು. ಎರಡು ಸಾವಿರದ ಒಂದರ ಹೊತ್ತಿಗೆ ಟೈಪಿಂಗ್ ಕಲಿಯಲು ಬರುವವರು ನಿಂತೇ ಹೋದರು. ಆಗ ಗಲ್ಫಿನಿಂದ ವಾಪಸಾಗಿದ್ದ ಹಮೀದಿಚ್ಚ ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮಾಳಿಗೆಯಲ್ಲಿ, ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವ ಆಫೀಸು ತೆರೆದಿದ್ದರು. "ನಿಮ್ಮ ಬೆರಳು ಸುಮ್ಮನೆ ಕೂತಿದೆಯಲ್ಲ ಮಾಷೇ, ನಮ್ಮಲ್ಲಿಗೆ ತನ್ನಿ" ಎಂದು ನನ್ನನ್ನು ಕರೆದರು. ಡೇಟಾ ತುಂಬಿಸುವ ಕೆಲಸ.

ಅಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದದ್ದು ಕಣ್ಣೂರು ಕಡೆಯ ಒಬ್ಬ ಸಾರ್. ನಾನು ಹತ್ತಿರ ಹೋದರೆ ಸ್ಕ್ರೀನಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಪರೀಕ್ಷೆಯಲ್ಲಿ ಪಕ್ಕದವನು ನೋಡಿ ಬರೆಯದಂತೆ ಮಕ್ಕಳು ಕೈ ಅಡ್ಡ ಇಡುತ್ತಾರಲ್ಲ, ಅದೇ ರೀತಿ. ಏನಾದರೂ ಕೇಳಿದರೆ, "ಅದೆಲ್ಲ ನಿಮಗೆ ಯಾಕೆ ಮಾಷೇ, ತಲೆನೋವು" ಎನ್ನುತ್ತಿದ್ದರು. ಒಂದು ದಿನ ಅವರಿಗೆ ವೀಸಾ ಬಂತು, ಹೋದರು. ಅವರ ಕಂಪ್ಯೂಟರಿನ ಪಾಸ್‌ವರ್ಡೂ ಅವರ ಜೊತೆಗೇ ಹೋಯಿತು. ಹಮೀದಿಚ್ಚ ಫೋನ್ ಮಾಡಿದರೆ "ನೆನಪಿಲ್ಲ" ಎಂದರಂತೆ. "ಬೀಗ ಹಾಕಿ ಕೀಯನ್ನು ಕಡಲು ದಾಟಿಸಿದನಲ್ಲ ಮಾರಾಯ" ಎಂದು ಹಮೀದಿಚ್ಚ ತಲೆಗೆ ಕೈಕೊಟ್ಟು ಕುಳಿತರು.

ಆಗ ನಾನು ಪ್ರೋಗ್ರಾಮ್ ಬರೆಯುವ ಫಾಕ್ಸ್‌ಪ್ರೋ ಭಾಷೆಯ ಒಂದು ಪುಸ್ತಕ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕಲಿತೆ. ಅಂಗಡಿಗಳ ಪ್ರೋಗ್ರಾಮುಗಳನ್ನು ಒಂದೊಂದಾಗಿ ಮೊದಲಿನಿಂದ ಬರೆದೆ. ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ. ಆದರೆ ಆ ಸಾರ್ ಮಾಡಿದ್ದರಿಂದ ನಾನು ಕಲಿತ ಪಾಠ ತಲೆಕೆಳಗಾಗಿತ್ತು. ಮುಚ್ಚಿಟ್ಟರೆ ಆಫೀಸು ಮುಳುಗುತ್ತದೆ ಎಂದು ಕಲಿಯಬೇಕಿತ್ತು. ಮುಚ್ಚಿಟ್ಟವನನ್ನು ಜನ ಹುಡುಕಿಕೊಂಡು ಬರುತ್ತಾರೆ ಎಂದು ಕಲಿತೆ. ಡಿಗ್ರಿ ಇಲ್ಲದವನಿಗೆ ಅದು ದೊಡ್ಡ ಧೈರ್ಯ.

ಹೇಗೆ ಮುಚ್ಚಿಡುತ್ತಿದ್ದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ, ನಗಬಹುದು. ಪ್ರೋಗ್ರಾಮಿನಲ್ಲಿ ತೆರಿಗೆ, ರಿಯಾಯಿತಿ, ದಾಸ್ತಾನು ಎಂದು ಪ್ರತಿಯೊಂದಕ್ಕೂ ಒಂದು ಹೆಸರು ಕೊಡಬೇಕು. ಓದಿದರೆ ಅರ್ಥವಾಗುವ ಹೆಸರು ಕೊಡುವುದು ಕ್ರಮ. ನಾನು ನಮ್ಮ ನೆಂಟರ ಹೆಸರು ಕೊಟ್ಟೆ. ಭಾವ ಎಂದರೆ ರಿಯಾಯಿತಿ, ಅತ್ತೆ ಎಂದರೆ ತೆರಿಗೆ, ಚಿಕ್ಕಮ್ಮ ಎಂದರೆ ದಾಸ್ತಾನು. ಬೇರೆ ಯಾರು ನೋಡಿದರೂ ತಲೆಬುಡ ಗೊತ್ತಾಗಬಾರದು. ವ್ಯಾಟ್ ಬಂದ ವರ್ಷ ಉಪ್ಪಳದ ಒಂದು ಬಟ್ಟೆ ಅಂಗಡಿಯಲ್ಲಿ ತೆರಿಗೆ ಬದಲಿಸಲು ಕುಳಿತವನಿಗೆ ಅತ್ತೆ ಯಾರು, ಚಿಕ್ಕಮ್ಮ ಯಾರು ಎಂದೇ ಮರೆತುಹೋಯಿತು. ಚಿಕ್ಕಮ್ಮನನ್ನು ಬದಲಿಸಿ ಬಂದೆ. ಮರುದಿನ ಅಂಗಡಿಯವರು ಫೋನ್ ಮಾಡಿ, "ಮಾಷೇ, ಸೀರೆಗಳು ಕಪಾಟಿನಲ್ಲಿ ಮರಿ ಹಾಕಿದವಾ? ನಿನ್ನೆಗಿಂತ ಇವತ್ತು ಜಾಸ್ತಿ ಉಂಟಲ್ಲ" ಎಂದರು. ಆಮೇಲೆ ಕೂಡ ನಾನು ಹೆಸರು ಬದಲಿಸಲಿಲ್ಲ.

ಟೀಚರ್ ಬಂದದ್ದು ಇದಾಗಿ ಕೆಲವು ವರ್ಷಗಳ ನಂತರ. ಪೈವಳಿಕೆಯವರು. ಎಂಸಿಎ ಓದಿ, ಶಾಲೆಯೊಂದರಲ್ಲಿ ಸ್ವಲ್ಪ ಕಾಲ ಕಂಪ್ಯೂಟರ್ ಕಲಿಸಿದ್ದರು. ನಮ್ಮಲ್ಲಿ ಒಮ್ಮೆ ಟೀಚರ್ ಆದವರು ಎಲ್ಲಿ ಹೋದರೂ ಟೀಚರೇ ಅಲ್ಲವೇ. ಹಮೀದಿಚ್ಚನೂ ಹಾಗೆಯೇ ಕರೆದರು. ನನ್ನ ಮಗಳ ಪ್ರಾಯ. ಆಗ ಕೇರಳದ ಶಾಲೆಗಳಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ ಸಾಫ್ಟ್‌ವೇರನ್ನೇ ಕಲಿಸುತ್ತಿದ್ದರು. ಟೀಚರಿಗೆ ಅದು ಪಾಠ ಮಾತ್ರ ಆಗಿರಲಿಲ್ಲ, ಅವರ ಸ್ವಭಾವವೇ ಹಾಗಿತ್ತು. ಗೊತ್ತಿಲ್ಲದ್ದನ್ನು "ನನಗೆ ಗೊತ್ತಿಲ್ಲ, ಹೇಳಿಕೊಡಿ" ಎಂದು ಎಲ್ಲರೆದುರು ಕೇಳುತ್ತಿದ್ದರು. ಎಂಸಿಎ ಓದಿದವರು ಹಾಗೆ ಕೇಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬಂದ ಮೊದಲ ವಾರವೇ ನನ್ನ ಕೋಡ್ ತೆರೆದು ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಕೇಳಿದರು: "ಎಂತ ಮಾಷೇ ಇದು, ಪ್ರೋಗ್ರಾಮಾ ಅಲ್ಲ ಮದುವೆ ಮನೆಯಾ? ಭಾವನನ್ನು ಅತ್ತೆಯಿಂದ ಕಳೆದಿದ್ದೀರಿ."

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಅವರಿಗೆ ಅದು ಗೊತ್ತಾಯಿತು. ಊಟ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತು, "ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿ ಮಾಷೇ. ಮನೆಯ ಹಿರಿಯರು ನೀವೇ ಅಲ್ವಾ" ಎಂದರು. ನಾನು ಹೇಳುತ್ತಾ ಹೋದೆ, ಅವರು ಪ್ರತಿ ಹೆಸರಿನ ಮುಂದೆ ಅರ್ಥ ಬರೆಯುತ್ತಾ ಹೋದರು. ಹೆಸರುಗಳನ್ನು ಅಳಿಸಲಿಲ್ಲ. ಒಂದು ಕಡೆ ತಡೆದು, "ಈ ಲೆಕ್ಕ ಎಷ್ಟು ಚಂದ ಮಾಡಿದ್ದೀರಿ, ಇದನ್ನು ಯಾರಿಗೂ ತೋರಿಸದೆ ಇಟ್ಟದ್ದು ಯಾಕೆ?" ಎಂದು ಕೇಳಿದರು. ನನ್ನ ಕೆಲಸವನ್ನು ಒಳಗಿನಿಂದ ನೋಡಿ ಚಂದ ಎಂದ ಮೊದಲ ಮನುಷ್ಯರು ಅವರು. ಅದುವರೆಗೆ ಯಾರೂ ಹೇಳದೆ ಇದ್ದದ್ದು ಯಾಕೆಂದರೆ ಅದುವರೆಗೆ ನಾನು ಯಾರಿಗೂ ತೋರಿಸಿರಲಿಲ್ಲ.

ಟೀಚರ್ ಎರಡು ಕ್ರಮ ತಂದರು. ಒಂದು, ಎಲ್ಲರ ಕೋಡೂ ಒಂದೇ ಕಂಪ್ಯೂಟರಿನಲ್ಲಿ ಇರಬೇಕು, ಯಾರು ಬೇಕಾದರೂ ತೆರೆದು ನೋಡಬಹುದು. ಇನ್ನೊಂದು, ಶನಿವಾರ ಚಹಾದ ಹೊತ್ತಿಗೆ ಎಲ್ಲರೂ ಕುಳಿತು ಆ ವಾರ ಎಲ್ಲಿ ತಪ್ಪಾಯಿತು ಎಂದು ಹೇಳಬೇಕು. ಹೇಳಿದ್ದನ್ನು ಗೋಡೆಯ ಬಿಳಿ ಬೋರ್ಡಿನಲ್ಲಿ ಬರೆಯುತ್ತಿದ್ದರು. ಏನಾಯಿತು, ಯಾಕಾಯಿತು ಎಂದು ಮಾತ್ರ; ಯಾರು ಮಾಡಿದ್ದು ಎಂದು ಬರೆಯುವ ಹಾಗಿಲ್ಲ. "ಹೆಸರು ಬರೆದರೆ ಮುಂದಿನ ವಾರ ಯಾರೂ ಬಾಯಿ ಬಿಡುವುದಿಲ್ಲ" ಎನ್ನುತ್ತಿದ್ದರು. ಮೊದಲ ಶನಿವಾರ ತಮ್ಮ ತಪ್ಪನ್ನೇ ಹೇಳಿದರು. ಮಧೂರಿನ ಹತ್ತಿರದ ಒಂದು ಹೋಟೆಲಿನ ಬಿಲ್ಲಿನಲ್ಲಿ ಪಾಯಸಕ್ಕೆ ಎರಡೆರಡು ಸಲ ಕ್ರಯ ಹಾಕಿಸಿದ್ದರು. ಹೋಟೆಲಿನವರು ಬೈದದ್ದನ್ನು ಅವರದೇ ಧಾಟಿಯಲ್ಲಿ ಹೇಳಿ ನಗಿಸಿದರು. ಅದರ ನಂತರ ಉಳಿದವರೂ ನಿಧಾನಕ್ಕೆ ಬಾಯಿ ಬಿಟ್ಟರು. ನಾನೂ ಸೀರೆಯ ಕಥೆ ಹೇಳಿದೆ. ಹೇಳಿದ ಮೇಲೆ ಮೈ ಹಗುರವಾದದ್ದು ನಿಜ.

ಹಮೀದಿಚ್ಚನಿಗೆ ಮಾತ್ರ ಇದು ಒಗ್ಗಲಿಲ್ಲ. ಅವರಿಗೆ ಮಂಗಳೂರಿನ ಕಂಪೆನಿಗಳ ಹೆದರಿಕೆ.

"ಮನೆಯ ಬಾಗಿಲು ತೆಗೆದಿಟ್ಟು ಮಲಗ್ಲಿಕ್ಕೆ ಆಗ್ತದಾ ಟೀಚರ್?"

"ಎದುರಿನ ಬಾಗಿಲಿಗೆ ಬೀಗ ಇರಲಿ ಹಮೀದಿಚ್ಚ. ನಾನು ತೆಗೆಯಲಿಕ್ಕೆ ಹೇಳುವುದು ಅಡುಗೆ ಕೋಣೆಗೂ ಚಾವಡಿಗೂ ನಡುವಿನ ಬಾಗಿಲು. ಮನೆಯವರೇ ಬೀಗ ತೆಗೆದು ನೀರು ಕುಡಿಯಬೇಕಾ?"

"ಎಲ್ಲರೂ ಎಲ್ಲದಕ್ಕೂ ಕೈ ಹಾಕಿದರೆ ಹಾಳಾದಾಗ ಯಾರನ್ನು ಹಿಡಿಯಲಿ?"

"ನನ್ನನ್ನು ಹಿಡಿಯಿರಿ" ಎಂದರು ಟೀಚರ್.

ಕೊನೆಗೆ ಹಮೀದಿಚ್ಚ ಒಂದು ಷರತ್ತು ಹಾಕಿದರು. ಬರುವ ಅಡಿಕೆಯ ಹಂಗಾಮು ಮುಗಿಯುವವರೆಗೆ ಹೀಗೇ ನಡೆಯಲಿ. ದೊಡ್ಡ ಗಿರಾಕಿಗಳೆಲ್ಲ ಅಡಿಕೆ ವ್ಯಾಪಾರಿಗಳು. ಅವರಿಂದ ಒಂದು ದೂರೂ ಬರಲಿಲ್ಲ ಎಂದಾದರೆ ಟೀಚರ್ ಹೇಳಿದ ಕ್ರಮ ಖಾಯಂ. ಬಂದರೆ ಮೊದಲಿನ ಹಾಗೆ ಅವರವರದ್ದು ಅವರವರ ಬೀಗದೊಳಗೆ. ಅಡಿಕೆ ಅಂಗಡಿಗಳ ಪ್ರೋಗ್ರಾಮುಗಳನ್ನೂ ನನ್ನಿಂದ ಟೀಚರಿಗೆ ವಹಿಸಿದರು. ನನಗೆ ಪ್ರಾಯವಾಯಿತು, ಓಡಾಟ ಕಡಿಮೆಯಾಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಈಗ ಅಡಿಕೆಯ ವಿಷಯ ಸ್ವಲ್ಪ ಹೇಳಬೇಕು. ಬೆಳೆಗಾರರು ಕೆಲವರು ಅಡಿಕೆಯನ್ನು ಅಂಗಡಿಯಲ್ಲೇ ಇಟ್ಟು ಹೋಗುತ್ತಾರೆ, ಕ್ರಯ ಏರಿದಾಗ ಬಂದು ಮಾರುತ್ತಾರೆ. ಈ ವರ್ಷದ್ದು ಹೊಸತು, ವರ್ಷ ಕಾದದ್ದು ಹಳತು. ಹಳತಿಗೆ ಕ್ರಯ ಹೆಚ್ಚು. ಹೊಸ ಬೆಳೆ ಪೇಟೆಗೆ ಇಳಿಯುವಾಗ, ನಿನ್ನೆಯವರೆಗೆ ಹೊಸತು ಎನಿಸಿಕೊಂಡದ್ದು ಹಳತಾಗುತ್ತದೆ. ಅದು ಯಾವ ದಿನ ಎಂದು ಕ್ಯಾಲೆಂಡರಿನಲ್ಲಿ ಇರುವುದಿಲ್ಲ, ಪೇಟೆಯವರೇ ಮಾತಾಡಿಕೊಂಡು ನಿರ್ಧರಿಸುತ್ತಾರೆ. ಕಂಪ್ಯೂಟರಿನಲ್ಲಿಯೂ ಆ ದಿನ ಇಟ್ಟು ಹೋದ ಅಡಿಕೆಯ ಹೆಸರು ಬದಲಾಗಬೇಕು.

ಆ ಬದಲಾವಣೆಯನ್ನು ನಾನು ಗುಟ್ಟಾಗಿ ಇಟ್ಟಿದ್ದೆ. ಮೆನುವಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ನನಗೆ ಮಾತ್ರ ಗೊತ್ತಿದ್ದ ಕೆಲವು ಕೀಗಳನ್ನು ಒಟ್ಟಿಗೆ ಒತ್ತಿದರೆ ಆಗುತ್ತದೆ. ನಮ್ಮ ಗಿರಾಕಿಗಳಲ್ಲಿ ಹಾಗೆ ಅಡಿಕೆ ಇಡಿಸಿಕೊಳ್ಳುತ್ತಿದ್ದವರು ಬದಿಯಡ್ಕದ ದೊಡ್ಡ ವ್ಯಾಪಾರಿ ಐತಪ್ಪ ಶೆಟ್ರು ಒಬ್ಬರೇ. ಅವರು ಪ್ರತಿ ವರ್ಷ ಫೋನ್ ಮಾಡುತ್ತಿದ್ದರು: "ಮಾಷೇ, ನಾಳೆಯಿಂದ ಹಳತು. ಒಮ್ಮೆ ಬಂದು ಹೋಗಿ." ಪ್ರಿಂಟರ್ ನೋಡಿ ಬರುತ್ತೇನೆ ಎಂದು ಆಫೀಸಿನಲ್ಲಿ ಹೇಳಿ ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ಶೆಟ್ರು ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು, ನೀರುದೋಸೆ ತರಿಸುತ್ತಿದ್ದರು. ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಕೊಂಡು, ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಸಾಕಷ್ಟು ಹೊತ್ತು ಒಳಗೆ ಕುಳಿತಿರುತ್ತಿದ್ದೆ. ಹೊರಗೆ ಬರುವಾಗ ಹಣೆ ಒರೆಸಿಕೊಳ್ಳುತ್ತಿದ್ದೆ. ಇಡೀ ವರ್ಷದಲ್ಲಿ ನನಗೆ ಅಷ್ಟು ಮರ್ಯಾದೆ ಸಿಗುತ್ತಿದ್ದ ದಿನ ಬೇರೆ ಇರಲಿಲ್ಲ.

ಎಲ್ಲವನ್ನೂ ಟೀಚರಿಗೆ ಕೊಡುವಾಗ ಆ ಒಂದು ತುಂಡನ್ನು ಕೊಡಲಿಲ್ಲ. ಓಡುವ ರೂಪದಲ್ಲಿ ಅದು ಅಂಗಡಿಯ ಕಂಪ್ಯೂಟರಿನಲ್ಲಿತ್ತು, ಆ ರೂಪದಲ್ಲಿ ಓದಲು ಆಗುವುದಿಲ್ಲ. ನಾನು ಬರೆದ ಮೂಲ ಸಾಲುಗಳನ್ನು ನಾನೇ ಅಳಿಸಿದೆ.

"ಈ ಒಂದು ಫೈಲಿನ ಮೂಲ ಇಲ್ವಲ್ಲ ಮಾಷೇ?"

"ಹಾರ್ಡ್ ಡಿಸ್ಕ್ ಹಾಳಾದಾಗ ಹೋಯ್ತು. ಅದು ಪ್ರಿಂಟರಿನದ್ದು. ಮುಟ್ಟುವುದು ಬೇಡ."

"ಸರಿ, ನೀವು ಹೇಳಿದ ಮೇಲೆ ಮುಗೀತು" ಎಂದರು. ನನ್ನ ಮಾತನ್ನು ಅವರು ಹಾಗೆ ನಂಬಿದರು.

ಹಂಗಾಮು ಬಂತು. ಬದಿಯಡ್ಕದಲ್ಲಿ ಹಳತು ಸುರುವಾಯಿತು ಎಂದು ಬಸ್ಸಿನಲ್ಲಿ ಯಾರೋ ಮಾತಾಡುವುದು ಕೇಳಿತು. ಟೀಚರ್ ಪಕ್ಕದ ಮೇಜಿನಲ್ಲೇ ಇದ್ದರು. ಒಂದು ಮಾತು ಹೇಳಿದರೆ ಆಗುತ್ತಿತ್ತು. ನಾನು ಹೇಳಲಿಲ್ಲ, ಫೋನಿಗಾಗಿ ಕಾದೆ. ಶೆಟ್ರು ಗಾಬರಿಯಿಂದ ಫೋನ್ ಮಾಡಬೇಕು, ಏನು ಮಾಡುವುದೆಂದು ತಿಳಿಯದೆ ಟೀಚರ್ ನನ್ನ ಮುಖ ನೋಡಬೇಕು, ಆಗ ನಾನು ಎದ್ದು ಚಪ್ಪಲಿ ಹಾಕಬೇಕು. ಇಷ್ಟೇ ನಾನು ಎಣಿಸಿದ್ದು. ಕೆಡುಕು ಎಣಿಸಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಯುತ್ತಾ ಕುಳಿತದ್ದೇ ಕೆಡುಕು ಎಂದು ಈಗ ಗೊತ್ತಾಗುತ್ತದೆ.

ಶೆಟ್ರು ಫೋನ್ ಮಾಡಲಿಲ್ಲ. ಈಗ ಟೀಚರ್ ಇದ್ದಾರೆ, ಎಲ್ಲ ತನ್ನಿಂತಾನೇ ಆಗುತ್ತದೆ ಎಂದುಕೊಂಡಿದ್ದರಂತೆ. ಅಂಗಡಿಯ ಹುಡುಗರು ಕಂಪ್ಯೂಟರ್ ಕೊಟ್ಟ ಬಿಲ್ಲನ್ನು ನೋಡದೆ ಹರಿದು ಕೊಟ್ಟರು. ವರ್ಷವಿಡೀ ಕಾದವರ ಅಡಿಕೆಯೆಲ್ಲ ಹೊಸತಿನ ಕ್ರಯಕ್ಕೆ ಹೋಯಿತು. ಕೊನೆಗೆ ಒಬ್ಬ ಅಜ್ಜಿ ಮೊಮ್ಮಗಳ ಕೈಯಲ್ಲಿ ಬಿಲ್ಲು ಓದಿಸಿ, ವಾಪಸು ಬಂದು, ಗಿರಾಕಿಗಳ ನಡುವೆ ನಿಂತು ಶೆಟ್ರನ್ನು ಕೇಳಿದರಂತೆ: "ನನ್ನ ಅಡಿಕೆ ನಿಮ್ಮ ಗೋಡೌನಿನಲ್ಲಿ ಕೂತು ಎಳತಾಯ್ತಾ ಶೆಟ್ರೆ? ನನ್ನನ್ನೂ ಸ್ವಲ್ಪ ದಿನ ಅಲ್ಲಿ ಇಡಿ."

ಪೇಟೆಯೆಲ್ಲ ನಕ್ಕಿತು. ಶೆಟ್ರು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಮೋಸ ಮಾಡಿದರೆಂಬ ಮಾತು ಬಂದರೆ ಅಡಿಕೆ ವ್ಯಾಪಾರಿಯ ಬಾಳು ಮುಗಿದ ಹಾಗೆ. ಹಮೀದಿಚ್ಚನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು.

ಹಮೀದಿಚ್ಚ ನಮ್ಮನ್ನೆಲ್ಲ ಕೂರಿಸಿದರು. "ನಾನು ಹೇಳಿದ್ದೆ. ಎಲ್ಲರೂ ಕೈ ಹಾಕಿದರೆ ಹೀಗೇ. ಯಾರೋ ಏನೋ ಮುಟ್ಟಿದ್ದಾರೆ."

ಟೀಚರ್ ಎಲ್ಲರನ್ನೂ ಕೇಳಿದರು. ನನ್ನ ಸರದಿ ಬಂದಾಗ, "ಮಾಷೇ, ಹಳತು ಹೊಸತಿನದ್ದು ಮೊದಲು ಹೇಗೆ ಬದಲಾಗುತ್ತಿತ್ತು? ನಿಮಗೆ ಎಂತಾದರೂ ಗೊತ್ತುಂಟಾ?" ಎಂದರು.

"ಇಲ್ಲ" ಎಂದೆ. "ಅದು ಅದರಷ್ಟಕ್ಕೆ ಆಗುತ್ತಿತ್ತು."

ನನ್ನ ಬಾಯಿಂದ ಬಂದ ಆ ಮಾತನ್ನು ಇಲ್ಲಿ ಬರೆದಿದ್ದೇನೆ, ಇನ್ನು ಅಳಿಸುವುದಿಲ್ಲ.

ಮರುದಿನ ಟೀಚರ್ ಬದಿಯಡ್ಕಕ್ಕೆ ಹೋದರು. ಶೆಟ್ರ ಬೈಗುಳ ಪೂರ್ತಿ ಕೇಳಿಸಿಕೊಂಡು, ಅದು ಮುಗಿದ ಮೇಲೆ, ಮೊದಲಿನ ವರ್ಷಗಳಲ್ಲಿ ಹಳತು ಸುರುವಾದ ದಿನ ಅಂಗಡಿಯಲ್ಲಿ ಏನೇನು ನಡೆಯುತ್ತಿತ್ತು ಎಂದು ಒಂದೊಂದಾಗಿ ಕೇಳಿದರಂತೆ. "ಎಂತ ನಡೆಯುವುದು? ಮಾಷ್ ಬರ್ತಿದ್ದರು, ದೋಸೆ ತಿಂತಿದ್ದರು, ಬಾಗಿಲು ಹಾಕಿ ಒಳಗೆ ಕೂರ್ತಿದ್ದರು" ಎಂದು ಶೆಟ್ರು ಹೇಳಿದರಂತೆ. ಇದನ್ನು ಶೆಟ್ರೇ ಬಹಳ ಕಾಲದ ನಂತರ ನನಗೆ ಹೇಳಿದ್ದು. ಟೀಚರ್ ಆಮೇಲೆ ಏನನ್ನೂ ಕೇಳಲಿಲ್ಲವಂತೆ. ಅಲ್ಲಿಯೇ ಕುಳಿತು ತಪ್ಪಾದ ಬಿಲ್ಲುಗಳನ್ನೆಲ್ಲ ಸರಿ ಮಾಡಿ, ಆ ಅಜ್ಜಿಯ ಮನೆಗೆ ಜೀಪಿನಲ್ಲಿ ಹೋಗಿ ಹೊಸ ಬಿಲ್ಲು ಕೊಟ್ಟು ಬಂದರು.

ಮತ್ತೆ ಆಫೀಸಿಗೆ ಬಂದು ಆ ತುಂಡನ್ನು ಹೊಸದಾಗಿ ಬರೆದರು. ಮೆನುವಿನಲ್ಲಿ ಎಲ್ಲರಿಗೂ ಕಾಣುವ ಹಾಗೆ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ. ಮುಗಿಸಿ ನನ್ನ ಮೇಜಿನ ಹತ್ತಿರ ಬಂದರು.

"ಮಾಷೇ, ಹಳತು ಹೊಸತಿನದ್ದನ್ನು ಬರೆದಿದ್ದೇನೆ. ನೀವೊಮ್ಮೆ ನೋಡಿಕೊಡಿ. ಅಡಿಕೆಯ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತುಂಟು."

ಅವರ ಸ್ವರದಲ್ಲಿ ಕೊಂಕು ಇರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ. ಬಾಗಿಲು ತೆರೆದಿಟ್ಟು, ಬೇಕಾದರೆ ಬನ್ನಿ ಎಂದು ಪಕ್ಕಕ್ಕೆ ನಿಂತ ಹಾಗಿತ್ತು. ನಾನು ಸ್ಕ್ರೀನ್ ನೋಡಿದೆ. ನಾನು ಬರೆದದ್ದಕ್ಕಿಂತ ಎಷ್ಟೋ ಸರಳವಾಗಿತ್ತು, ಅಂಗಡಿಯ ಹುಡುಗರೂ ಮಾಡಬಹುದಾದಷ್ಟು. "ಸರಿ ಉಂಟು" ಎಂದೆ. ಅವರು ಸ್ವಲ್ಪ ಹೊತ್ತು ನಿಂತು, ಹೋದರು.

ಶನಿವಾರ ಬೋರ್ಡಿನಲ್ಲಿ ಅವರೇ ಬರೆದರು: ಕೋಡಿನ ಒಂದು ತುಂಡು ತಂಡಕ್ಕೆ ಗೊತ್ತಿರಲಿಲ್ಲ, ಹಾಗಾಗಿ ಹೀಗಾಯಿತು. ಹಮೀದಿಚ್ಚ ಎದ್ದು ನಿಂತು, "ಯಾರಿಗೆ ಗೊತ್ತಿತ್ತು? ನಿಮಗೆ ಗೊತ್ತಾಗಿದೆ. ಹೆಸರು ಹೇಳಿ ಟೀಚರ್" ಎಂದರು.

"ಹೆಸರು ಹೇಳುವ ಕ್ರಮ ಇಲ್ಲ ಹಮೀದಿಚ್ಚ."

"ಹಾಗಾದರೆ ನಿಮ್ಮನ್ನೇ ಹಿಡಿಯಬೇಕಾಗ್ತದೆ. ನೀವೇ ಹೇಳಿದ್ದು."

"ಹೌದು, ನಾನೇ ಹೇಳಿದ್ದು."

ನಾನು ಚಹಾ ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ.

ಸೋಮವಾರ ಎಲ್ಲರ ಕೋಡಿಗೂ ಬೇರೆ ಬೇರೆ ಬೀಗ ಬಿತ್ತು. ಮುಚ್ಚಿಟ್ಟದ್ದರಿಂದ ಆದ ಹಾನಿಯ ಅಪವಾದ ತೆರೆದಿಟ್ಟವರ ಮೇಲೆ ಬಂತು. ಟೀಚರ್ ಕೆಲಸ ಬಿಡುವುದೆಂದು ಆಯಿತು. ತಿಂಗಳ ಕೊನೆಯವರೆಗೆ ಬಂದರು. ಹೋಗುವ ಮೊದಲು ತಮಗೆ ಗೊತ್ತಿದ್ದ ಪ್ರತಿಯೊಂದನ್ನೂ, ಯಾವ ಅಂಗಡಿಯವರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರೆ ಕೋಪ ಬರುತ್ತದೆ ಎಂಬುದನ್ನೂ ಸೇರಿಸಿ, ಉಳಿದವರಿಗೆ ಹೇಳಿಕೊಟ್ಟು ಹೋದರು. ಹೊರಡುವ ದಿನ ನನ್ನ ಹತ್ತಿರ ಬಂದು, "ಬರ್ತೇನೆ ಮಾಷೇ. ಬೆನ್ನುನೋವಿಗೆ ಕುರ್ಚಿ ಬದಲಿಸಲಿಕ್ಕೆ ಹೇಳಿದ್ದೇನೆ" ಎಂದರು. ಹೊಸ ಕುರ್ಚಿ ಮುಂದಿನ ವಾರ ಬಂತು. ನಿವೃತ್ತನಾಗುವವರೆಗೆ ಅದರಲ್ಲೇ ಕುಳಿತೆ.

ಆಮೇಲೆ ಒಮ್ಮೆ ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ದೂರದಿಂದ ಕಂಡೆ. ಸೊಂಟದಲ್ಲಿ ಮಗು ಇತ್ತು. ನನ್ನನ್ನು ನೋಡಿದರೆ "ಮಾಷೇ" ಎಂದು ಕರೆಯದೆ ಇರುವವರಲ್ಲ. ನಾನು ಎದುರಿಗೆ ನಿಂತಿದ್ದ ಬಸ್ಸಿಗೆ ಹತ್ತಿದೆ. ಅದು ಮುಳ್ಳೇರಿಯಕ್ಕೆ ಹೋಗುವ ಬಸ್ಸು. ಮುಳ್ಳೇರಿಯದಲ್ಲಿ ಇಳಿದು, ಏನೂ ಕೆಲಸವಿಲ್ಲದೆ ಒಂದು ಚಹಾ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಕಂಡಕ್ಟರ್ ನನ್ನ ಮುಖ ನೋಡಿ ಟಿಕೇಟು ಕೊಟ್ಟ.

ಬೀಗದ ಕಾಲ ಹೆಚ್ಚು ದಿನ ಬಾಳಲಿಲ್ಲ. ನನಗೆ ಹರ್ನಿಯಾದ ಆಪರೇಷನ್ ಆಗಿ ಮಲಗಿದ್ದಾಗ ಅರ್ಧ ಆಫೀಸು ನಿಂತುಹೋಯಿತು. ವಾರ್ಡಿಗೆ ಫೋನ್ ಮೇಲೆ ಫೋನ್. ನರ್ಸು ಗದರಿಸಿ ಫೋನ್ ಕಿತ್ತುಕೊಂಡಳು. ನೋಡಲು ಬಂದ ಹಮೀದಿಚ್ಚ ಹಾಸಿಗೆಯ ತುದಿಯಲ್ಲಿ ಕುಳಿತು, "ಟೀಚರ್ ಹೇಳಿದ್ದೇ ಸರಿ ಇತ್ತು ಮಾಷೇ. ಎಲ್ಲ ತೆರೆದಿಡುವ" ಎಂದರು. ಆಗಲಾದರೂ ನಾನು ಹೇಳಬಹುದಿತ್ತು. "ಹೌದು, ತೆರೆದಿಡುವ" ಎಂದು ಮಾತ್ರ ಹೇಳಿದೆ.

ಗುಣವಾಗಿ ಬಂದ ಮೇಲೆ ಟೀಚರ್ ಮಾಡಿದ್ದನ್ನೇ ಮಾಡಿದೆ. ಒಂದೇ ಕಂಪ್ಯೂಟರ್, ಬಿಳಿ ಬೋರ್ಡು, ಶನಿವಾರದ ಚಹಾ. ಹೊಸಬರು ಬಂದಾಗ ಮೊದಲು ನನ್ನ ತಪ್ಪು ಹೇಳುತ್ತಿದ್ದೆ, ಸೀರೆಯ ಕಥೆ. ಅಡಿಕೆಯ ಕಥೆ ಹೇಳುತ್ತಿರಲಿಲ್ಲ. ಕೆಲಸ ಎಷ್ಟು ಸಲೀಸಾಯಿತೆಂದರೆ, ಆರು ತಿಂಗಳ ಹಿಂದೆ ಸೇರಿದ ಹುಡುಗಿ ನನ್ನ ಹಳೆಯ ಲೆಕ್ಕದಲ್ಲಿ ತಪ್ಪು ಹಿಡಿದು ತಿದ್ದುತ್ತಿದ್ದಳು, ನನಗೆ ಸಂತೋಷವಾಗುತ್ತಿತ್ತು. ಆ ಸಂತೋಷವನ್ನು ಎಷ್ಟೋ ವರ್ಷ ಮೊದಲೇ ಪಡೆಯಬಹುದಿತ್ತು ಎಂದು ಅನಿಸುತ್ತಿತ್ತು. ನನ್ನ ಹತ್ತಿರ ಇರುವುದನ್ನು ಕೊಟ್ಟರೆ ನಾನು ಖಾಲಿಯಾಗುತ್ತೇನೆ ಎಂದು ಹೆದರಿದ್ದೆ. ಕೊಟ್ಟ ಮೇಲೆ ಜನ ಮೊದಲಿಗಿಂತ ಹೆಚ್ಚು ಬಂದು ಕೇಳಿದರು. ಈ ಕೆಲಸಕ್ಕೆ ಬರುವ ಮಕ್ಕಳಿಗೆ ನನಗೆ ಹೇಳಲಿಕ್ಕೆ ಇರುವುದು ಇಷ್ಟೇ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಬೀಳ್ಕೊಟ್ಟರು. ಶಾಲು ಹೊದಿಸಿದರು. ಒಬ್ಬಳು ಎದ್ದು, "ಮಾಷ್ ನಮ್ಮಿಂದ ಯಾವತ್ತೂ ಎಂತದ್ದನ್ನೂ ಮುಚ್ಚಿಡಲಿಲ್ಲ" ಎಂದಳು. ಚಪ್ಪಾಳೆ ಬಿತ್ತು. ನಾನು ಕೈಮುಗಿದೆ.

ಮಕ್ಕಳೇ, ತಪ್ಪು ಹೇಳಿಕೊಳ್ಳುವ ಆ ಶನಿವಾರದ ಚಹಾವನ್ನು ನೀವು ಈಗಲೂ ಮಾಷ್‌ನ ಶನಿವಾರ ಎನ್ನುತ್ತೀರಂತೆ. ಹಾಗೆ ಕರೆಯಬೇಡಿ. ಅದನ್ನು ಕಟ್ಟಿದವರು ನನ್ನ ಸುಳ್ಳಿನಿಂದ ಆಫೀಸು ಬಿಟ್ಟು ಹೋಗಬೇಕಾಯಿತು. ಹೋಗುವಾಗಲೂ ನನ್ನ ಹೆಸರು ಹೇಳಲಿಲ್ಲ. ನಾನು ಅವರ ಹತ್ತಿರ ಕ್ಷಮೆ ಕೇಳಲಿಲ್ಲ, ಕೇಳಲು ಎಷ್ಟೋ ದಾರಿಗಳಿದ್ದೂ ಕೇಳಲಿಲ್ಲ. ಇನ್ನು ಮುಂದೆ ಹೊಸಬರು ಬಂದು ಈ ಕ್ರಮ ಯಾರದ್ದು ಎಂದು ಕೇಳಿದರೆ ಅವರ ಹೆಸರನ್ನೇ ಹೇಳಿ. ಪೈವಳಿಕೆಯ ಹರಿಣಾಕ್ಷಿ.